ಉತ್ತರ ಪತ್ರಿಕೆಯಲ್ಲಿ ತೊಳೆದ ಕೈಗಳು

ಶಾಲಾ ವಿದ್ಯಾರ್ಥಿಗಳ ಆರೋಗ್ಯ ಸಮೀಕ್ಷೆಗಳಿಗೆ ಮಾಹಿತಿ ಸಂಗ್ರಹಿಸಿ ವರದಿ ಬರೆಯುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬರೆದ ಒಂದು ವರದಿ ತಪ್ಪಾಗಿತ್ತು. ಆ ತಪ್ಪು ತಿಳಿದ ಮೇಲೆ, ಹದಿಹರೆಯದವರ ಕೈ ತೊಳೆಯುವ ಅಭ್ಯಾಸವನ್ನು ಅಳೆಯುವ ನನ್ನ ಕ್ರಮವೇ ಬದಲಾಯಿತು.

ವಿಶ್ವ ಆರೋಗ್ಯ ಸಂಸ್ಥೆಯು ಅಮೆರಿಕದ ರೋಗ ನಿಯಂತ್ರಣ ಕೇಂದ್ರದೊಂದಿಗೆ ಸೇರಿ 2003ರಲ್ಲಿ ಆರಂಭಿಸಿದ ಜಾಗತಿಕ ಶಾಲಾ ವಿದ್ಯಾರ್ಥಿ ಆರೋಗ್ಯ ಸಮೀಕ್ಷೆಯ ಮಾದರಿಯನ್ನೇ ನಮ್ಮ ಪ್ರಶ್ನಾವಳಿಯೂ ಅನುಸರಿಸುತ್ತಿತ್ತು. ಆ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ವಿದ್ಯಾರ್ಥಿಗಳು ತರಗತಿಯಲ್ಲೇ ಕುಳಿತು, ಹೆಸರು ಬರೆಯದೆ, ಉತ್ತರ ಗುರುತಿಸುತ್ತಾರೆ. ಕಳೆದ 30 ದಿನಗಳಲ್ಲಿ ಊಟಕ್ಕೆ ಮುನ್ನ ಎಷ್ಟು ಸಲ ಕೈ ತೊಳೆದಿರಿ, ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಎಷ್ಟು ಸಲ ತೊಳೆದಿರಿ, ತೊಳೆಯುವಾಗ ಎಷ್ಟು ಸಲ ಸೋಪು ಬಳಸಿದಿರಿ ಎಂಬ ಮೂರು ಪ್ರಶ್ನೆಗಳಿಗೆ ‘ಎಂದೂ ಇಲ್ಲ’ ಎಂಬುದರಿಂದ ‘ಯಾವಾಗಲೂ’ ಎಂಬುದರವರೆಗೆ ಐದು ಆಯ್ಕೆಗಳಿರುತ್ತವೆ. ನಾನು ಹೋದ ಶಾಲೆಯೊಂದರಲ್ಲಿ ಬಹುತೇಕ ಮಕ್ಕಳು ಮೂರಕ್ಕೂ ‘ಯಾವಾಗಲೂ’ ಎಂದೇ ಗುರುತು ಹಾಕಿದ್ದರು. ನಲ್ಲಿಯ ಬಳಿ ಸೋಪು ಇದೆಯೇ ಎಂಬ ಕಾಲಂನಲ್ಲಿ ನಾನೇ ಕಣ್ಣಾರೆ ನೋಡಿ ‘ಇದೆ’ ಎಂದು ಬರೆದಿದ್ದೆ. ಅಭ್ಯಾಸ ಉತ್ತಮವಾಗಿದೆ ಎಂದು ವರದಿ ಕಳುಹಿಸಿದೆ.

ಕೆಲವು ವಾರಗಳ ನಂತರ ಮಕ್ಕಳ ಎತ್ತರ, ತೂಕ ದಾಖಲಿಸಲು ಅದೇ ಶಾಲೆಗೆ ಮುಂಚಿತವಾಗಿ ತಿಳಿಸದೆ ಹೋಗಬೇಕಾಯಿತು. ವಿರಾಮದ ಗಂಟೆ ಹೊಡೆದಾಗ ನಾನು ನಲ್ಲಿಗಳ ಎದುರಿನ ಜಗಲಿಯಲ್ಲಿ ಕುಳಿತಿದ್ದೆ. ಶೌಚಾಲಯದಿಂದ ಹೊರಬಂದ ಹುಡುಗನೊಬ್ಬ ಎಳೆಯಂತೆ ಬೀಳುತ್ತಿದ್ದ ನೀರಿಗೆ ಬೆರಳ ತುದಿಗಳನ್ನು ಒಡ್ಡಿ, ಪ್ಯಾಂಟಿಗೆ ಒರೆಸಿಕೊಂಡು ಓಡಿದ. ಅವನ ಹಿಂದೆ ಬಂದವರೂ ಹಾಗೆಯೇ ಮಾಡಿದರು. ಸುಮಾರು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಮಾತ್ರ ಕಾಗದದಲ್ಲಿ ಸುತ್ತಿಟ್ಟಿದ್ದ ಸೋಪಿನ ಚೂರನ್ನು ಜೇಬಿನಿಂದ ತೆಗೆದು, ಬೆರಳ ಸಂದುಗಳನ್ನೂ ಉಜ್ಜಿ ತೊಳೆದು, ಚೂರನ್ನು ಮತ್ತೆ ಸುತ್ತಿ ಒಳಗಿಟ್ಟುಕೊಂಡಳು. ಇಲ್ಲಿ ಸೋಪು ಇಡುವುದಿಲ್ಲವೇ ಎಂದು ಕೇಳಿದೆ. “ಬೀರುವಿನಲ್ಲಿದೆ ಮೇಡಂ, ಯಾರಾದರೂ ನೋಡೋಕೆ ಬಂದಾಗ ಇಡ್ತಾರೆ,” ಎಂದಳು. ಸಮೀಕ್ಷೆಯ ದಿನ ನಾನು ಕಂಡಿದ್ದ ಸೋಪು ಆಗ ನೆನಪಿಗೆ ಬಂತು. ಅದರ ಮೇಲಿನ ಅಚ್ಚಿನ ಅಕ್ಷರಗಳು ಒಂದಿಷ್ಟೂ ಸವೆದಿರಲಿಲ್ಲ.

ಆ ಮಕ್ಕಳು ನನಗೆ ಸುಳ್ಳು ಹೇಳಿದರೆಂದು ನಾನು ಇಂದಿಗೂ ಭಾವಿಸುವುದಿಲ್ಲ. ನೀರಿಗೆ ಕೈ ಒಡ್ಡಿದವನ ಮಟ್ಟಿಗೆ ಅದೂ ಕೈ ತೊಳೆದಂತೆಯೇ. ಸೋಪಿನ ಪ್ರಶ್ನೆಗೆ ಅವನು ಕೊಟ್ಟದ್ದು ಸರಿಯೆಂದು ತಾನು ಕಲಿತ ಉತ್ತರವನ್ನು. ದೊಡ್ಡವರೂ ಹೀಗೆಯೇ ನಡೆದುಕೊಳ್ಳುತ್ತಾರೆ. ಬಾಂಗ್ಲಾದೇಶದ ಹಳ್ಳಿಗಳ ಮನೆಗಳಲ್ಲಿ ಚಲನೆ ದಾಖಲಿಸುವ ಸಂವೇದಕವನ್ನು ಸೋಪಿನೊಳಗೇ ಅಡಗಿಸಿಟ್ಟು ನಡೆಸಿದ ಅಧ್ಯಯನವೊಂದರಲ್ಲಿ, ವೀಕ್ಷಕರು ಬಂದು ಕುಳಿತ ದಿನ ಹಲವು ಮನೆಗಳಲ್ಲಿ ಸೋಪಿನ ಬಳಕೆ ಏರಿದ್ದು ಕಂಡುಬಂದಿತ್ತು. ಮಲದ ಸಂಪರ್ಕದ ನಂತರ ಸೋಪು ಹಾಕಿ ಕೈ ತೊಳೆಯುವವರು ಜಗತ್ತಿನಲ್ಲಿ ಸುಮಾರು ಶೇ. 19ರಷ್ಟು ಮಾತ್ರ ಎಂದು 2014ರಲ್ಲಿ ಪ್ರಕಟವಾದ ಅಂದಾಜೊಂದು ಹೇಳುತ್ತದೆ. ‘ಯಾವಾಗಲೂ’ ಎಂಬ ಗುರುತುಗಳ ರಾಶಿಯನ್ನು ನೋಡುವಾಗ ಈ ಸಂಖ್ಯೆ ನಮ್ಮ ಮನಸ್ಸಿನಲ್ಲಿರಬೇಕು.

ಬರಿಯ ನೀರು ಸಾಲದೆಂಬುದಕ್ಕೆ ಕಾರಣವಿದೆ. ಚರ್ಮದ ಜಿಡ್ಡಿಗೆ ರೋಗಾಣುಗಳು ಅಂಟಿಕೊಂಡಿರುತ್ತವೆ. ಸೋಪಿನ ಅಣುವಿನ ಒಂದು ತುದಿ ಜಿಡ್ಡನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುವುದರಿಂದ, ಉಜ್ಜಿದಾಗ ಜಿಡ್ಡಿನ ಜೊತೆ ಅವೂ ಕೊಚ್ಚಿಹೋಗುತ್ತವೆ. ಆದರೆ ಇದನ್ನು ಎಷ್ಟು ಚೆನ್ನಾಗಿ ಪಾಠ ಮಾಡಿದರೂ ಬೀರುವಿನೊಳಗಿನ ಸೋಪಿನಿಂದ ಯಾರೂ ಕೈ ತೊಳೆಯಲಾರರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಜಂಟಿ ಲೆಕ್ಕದ ಪ್ರಕಾರ 2019ರಲ್ಲಿ ಜಗತ್ತಿನ ಶೇ. 43ರಷ್ಟು ಶಾಲೆಗಳಲ್ಲಿ ನೀರು ಮತ್ತು ಸೋಪು ಎರಡೂ ಇರುವ ಕೈ ತೊಳೆಯುವ ವ್ಯವಸ್ಥೆ ಇರಲಿಲ್ಲ. ಇದರಿಂದ ತೊಂದರೆಗೊಳಗಾದ ಮಕ್ಕಳು 81.8 ಕೋಟಿ. ಹದಿಹರೆಯದಲ್ಲಿ ಈ ಕೊರತೆ ಇನ್ನಷ್ಟು ತಟ್ಟುತ್ತದೆ ಎಂದು ನನ್ನ ಅನುಭವ ಹೇಳುತ್ತದೆ. ಚಿಕ್ಕ ಮಕ್ಕಳನ್ನು ಯಾರಾದರೂ ನಲ್ಲಿಯವರೆಗೆ ಕರೆದೊಯ್ಯುತ್ತಾರೆ, ದೊಡ್ಡ ಮಕ್ಕಳಿಗೆ ಗೊತ್ತಿದೆಯೆಂದು ಬಿಟ್ಟುಬಿಡುತ್ತಾರೆ. ಮುಟ್ಟಿನ ದಿನಗಳಲ್ಲಿರುವ ಹುಡುಗಿಯರಿಗಂತೂ ಶೌಚಾಲಯದ ಒಳಗೇ ನೀರು, ಸೋಪು ಬೇಕು.

ಬಾಂಗ್ಲಾದೇಶದ ಎರಡು ಪ್ರಾಥಮಿಕ ಶಾಲೆಗಳಲ್ಲಿ ನಡೆದ ಪ್ರಯೋಗವೊಂದು ನನಗೆ ದಾರಿ ತೋರಿಸಿತು. ಅಲ್ಲಿ ಉಪದೇಶವನ್ನೇ ಮಾಡದೆ, ಶೌಚಾಲಯದಿಂದ ಕೈ ತೊಳೆಯುವ ಜಾಗದವರೆಗೆ ಕಾಲುದಾರಿ ಹಾಕಿ, ಅದರ ಮೇಲೆ ಹೆಜ್ಜೆ ಗುರುತುಗಳನ್ನೂ ತೊಳೆಯುವ ಜಾಗದಲ್ಲಿ ಅಂಗೈ ಗುರುತುಗಳನ್ನೂ ಬಣ್ಣದಲ್ಲಿ ಬಿಡಿಸಿದರು. ಶೌಚದ ನಂತರ ಸೋಪು ಬಳಸುವವರ ಪ್ರಮಾಣ ಶೇ. 4ರಿಂದ ಏರಿ, ಆರು ವಾರಗಳ ನಂತರವೂ ಶೇ. 74ರಷ್ಟಿತ್ತು. ಅವರು ಚಿಕ್ಕ ಮಕ್ಕಳು, ಶಾಲೆಗಳೂ ಎರಡೇ ಎಂಬುದು ನಿಜ. ಆದರೂ ಮಗುವನ್ನು ತಿದ್ದುವ ಮೊದಲು ಜಾಗವನ್ನು ಸರಿಪಡಿಸಬೇಕೆಂಬ ನನ್ನ ನಂಬಿಕೆಯನ್ನು ಅದು ಗಟ್ಟಿಗೊಳಿಸಿತು.

ನಾನು ವರದಿಯನ್ನು ತಿದ್ದಿ ಮತ್ತೆ ಕಳುಹಿಸಿದೆ, ಮುಖ್ಯೋಪಾಧ್ಯಾಯರೊಂದಿಗೂ ಮಾತನಾಡಿದೆ. ಹೊರಗಿಟ್ಟ ಸೋಪು ಸಂಜೆಯೊಳಗೆ ಮಾಯವಾಗುತ್ತದೆ ಎಂಬ ಅವರ ಕಷ್ಟ ನೆಪವಾಗಿರಲಿಲ್ಲ. ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಟ್ಟೆ ಸೋಪಿನ ಪುಡಿ ಕದಡಿದ ನೀರು ತುಂಬಿ ನಲ್ಲಿಗೆ ಕಟ್ಟುವ ಉಪಾಯ ಹೇಳಿದೆ, ಅವರು ಒಪ್ಪಿದರು. ಬಾಟಲಿಯನ್ನು ಯಾರೂ ಒಯ್ಯಲಿಲ್ಲ, ಆದರೆ ಮುಂದಿನ ಭೇಟಿಯಲ್ಲಿ ಅದು ಬರಿದಾಗಿತ್ತು. ತುಂಬಿಸುವ ಕೆಲಸವನ್ನು ಯಾರಿಗೂ ವಹಿಸಿರಲಿಲ್ಲ. ಆ ಹೊಣೆಯನ್ನು ಎರಡು ತರಗತಿಗಳಿಗೆ ಸರದಿಯಂತೆ ಹಂಚಿದ ಮೇಲೆ ಬಾಟಲಿ ತುಂಬಿರತೊಡಗಿತು. ಸೋಪು ಇದೆಯೇ ಎಂಬ ಕಾಲಂನ ಪಕ್ಕದಲ್ಲಿ, ಅದನ್ನು ತುಂಬಿಸುವವರು ಯಾರು ಮತ್ತು ಕೊನೆಯದಾಗಿ ತುಂಬಿಸಿದ್ದು ಯಾವಾಗ ಎಂಬ ಎರಡು ಕಾಲಂಗಳು ಈಗ ನಮ್ಮ ನಮೂನೆಯಲ್ಲಿವೆ.