ಕಾಸರಗೋಡಿನಿಂದ ಒಂದು ದಿನದ ಸೈಕಲ್ ಸುತ್ತು: ಮಧೂರು, ಅನಂತಪುರ, ಎಡನೀರು

ಬೆಳಿಗ್ಗೆ ಆರಕ್ಕೆಲ್ಲ ಕಾಸರಗೋಡು ಪೇಟೆ ಬಿಟ್ಟುಬಿಡಿ. ದೂರ ಐವತ್ತು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಗೇರ್ ಸೈಕಲ್ ಇದ್ದವರಿಗೆ ಅದು ದೊಡ್ಡ ದೂರವೇ ಅಲ್ಲ. ಸುಸ್ತು ಮಾಡುವುದು ಬಿಸಿಲು. ಅನಂತಪುರದ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಒಂಬತ್ತು ಗಂಟೆ ಆಗುವಾಗಲೇ ಮುರಕಲ್ಲಿನ ನೆಲ ಕಾಯಲು ಶುರುವಾಗುತ್ತದೆ. ಬರೀ ಹುಲ್ಲು, ಬಂಡೆ. ನಿಲ್ಲುವುದಕ್ಕೆ ನೆರಳು ಕಷ್ಟ. ಅದಕ್ಕೇ ನಮ್ಮ ಕ್ಲಬ್ ಈ ಸುತ್ತನ್ನು ಯಾವಾಗಲೂ ಒಂದೇ ದಿಕ್ಕಿನಲ್ಲಿ ಹೊಡೆಯುತ್ತದೆ. ಮೊದಲು ಮಧೂರು, ಆಮೇಲೆ ಸೀತಾಂಗೋಳಿ, ಅನಂತಪುರ. ಬಿಸಿಲೇರಿದ ಮೇಲೆ ನೀರ್ಚಾಲು, ಬದಿಯಡ್ಕ, ಎಡನೀರು, ಚೆರ್ಕಳ. ಉಲ್ಟಾ ಹೋದರೆ ನಡು ಮಧ್ಯಾಹ್ನ ಪದವಿನ ಮೇಲೆ ಇರಬೇಕಾಗುತ್ತದೆ.

ಪೇಟೆಯಿಂದ ಉಳಿಯತ್ತಡ್ಕದವರೆಗೆ ಮನೆ, ಅಂಗಡಿ, ಮದ್ರಸ, ಶಾಲೆ ಒಂದಕ್ಕೊಂದು ಅಂಟಿಕೊಂಡೇ ಇವೆ. ಆ ಹೊತ್ತಿಗೆ ರಸ್ತೆ ಖಾಲಿ. ಆದರೂ ಸಾಲಾಗಿಯೇ ಹೋಗಿ, ಜೋಡಿಯಾಗಿ ಮಾತಾಡುತ್ತಾ ಹೋಗಬೇಡಿ. ಇಲ್ಲಿಯ ಖಾಸಗಿ ಬಸ್ಸುಗಳಿಗೆ ಸಮಯದ್ದೇ ಚಿಂತೆ, ತಿರುವಿನಲ್ಲೂ ವೇಗ ಕಮ್ಮಿ ಮಾಡುವುದಿಲ್ಲ. ನಮ್ಮಲ್ಲಿ ದಾರಿ ಗೊತ್ತಿರುವ ಒಬ್ಬರು ಮುಂದೆ, ಪಂಕ್ಚರ್ ಹಾಕಲು ಬರುವ ಒಬ್ಬರು ಕೊನೆಗೆ. ಕೊನೆಯವರಿಗಿಂತ ಹಿಂದೆ ಯಾರೂ ಉಳಿಯುವ ಹಾಗಿಲ್ಲ.

ಕಾಸರಗೋಡು ಪೇಟೆಯಿಂದ ಮಧೂರಿಗೆ ಸುಮಾರು ಎಂಟು ಕಿಲೋಮೀಟರ್. ಬೆಳಗಿನ ಹೊತ್ತು ಇಲ್ಲಿಯ ಗಣಪತಿ ದೇವಸ್ಥಾನದ ಗಜಪೃಷ್ಠದ, ಅಂದರೆ ಆನೆಯ ಬೆನ್ನಿನ ಆಕಾರದ, ಆ ಮೂರು ನೆಲೆಯ ಮಾಡನ್ನು ಎದುರಿನಿಂದ ನೋಡಬೇಕು. ಪಕ್ಕದಲ್ಲೇ ಮಧುವಾಹಿನಿ ಹೊಳೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ದೇವಸ್ಥಾನದ ಅಂಗಳಕ್ಕೇ ನೀರು ಬರುವುದುಂಟು. 2025ರಲ್ಲಿ ಇಲ್ಲಿ ಬ್ರಹ್ಮಕಲಶೋತ್ಸವ, ಗಣಪತಿಯನ್ನು ಅಪ್ಪದಿಂದ ಮುಚ್ಚುವ ಮೂಡಪ್ಪ ಸೇವೆ ಎರಡೂ ನಡೆದವು. ಪ್ರಸಾದದ ಅಪ್ಪ ಮರೆಯಬೇಡಿ. ಬೆಲ್ಲ, ತುಪ್ಪದ ಎರಡು ಅಪ್ಪ ಹೊಟ್ಟೆಗೆ ಬಿದ್ದರೆ ಮುಂದಿನ ಏರಿಗೆ ಸಾಕು. ಅಂಗಡಿಯ ಎನರ್ಜಿ ಬಾರ್ ಯಾಕೆ ಬೇಕು?

ಸೈಕಲ್ ಚಡ್ಡಿಯಲ್ಲಿ ದೇವಸ್ಥಾನದ ಒಳಗೆ ಹೋಗುವುದು ಸರಿಯಲ್ಲ. ಒಂದು ತೆಳು ಪಂಚೆ, ಒಂದು ಬೈರಾಸು (ಹೆಗಲ ಮೇಲಿನ ವಸ್ತ್ರ) ಬ್ಯಾಗಿನಲ್ಲಿರಲಿ. ಅಂಗಿ ಕಳಚಿ ಬೈರಾಸು ಹೊದ್ದರೆ ಮುಗಿಯಿತು. ಬೆವರು ಒರೆಸಲೂ ಅದೇ.

ಸೀತಾಂಗೋಳಿಯಿಂದ ಕುಂಬಳೆ ರಸ್ತೆಯಲ್ಲಿ ಸ್ವಲ್ಪ ಇಳಿದು ಅನಂತಪುರಕ್ಕೆ ತಿರುಗಬೇಕು. ಮುರಕಲ್ಲಿನ ನಡುವೆ ಕೆರೆ, ಕೆರೆಯ ನಡುವೆ ಗುಡಿ, ಗುಡಿಗೆ ಒಂದು ಪುಟ್ಟ ಸೇತುವೆ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದು ಎನ್ನುವುದು ಊರಿನವರ ನಂಬಿಕೆ. ಈ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರ್ 9ರಂದು ತೀರಿಹೋಯಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದನ್ನು ನೋಡಲೇಬೇಕು ಅಂತ ಹಟ ಹಿಡಿದು ಕೂತರೆ ಬಿಸಿಲು ನೆತ್ತಿಗೆ ಬರುತ್ತದೆ. ಒಂಬತ್ತರ ಒಳಗೆ ಇಲ್ಲಿಂದ ಹೊರಡಿ.

ಪಂಕ್ಚರ್ ಆಗುವುದು ಹೆಚ್ಚಾಗಿ ಈ ಪದವಿನ ಅಂಚಿನ ದಾರಿಗಳಲ್ಲೇ. ಟಾರಿನ ಬದಿಗೆ ಚೂಪು ಜಲ್ಲಿ, ಮುಳ್ಳು ಎರಡೂ ಇರುತ್ತವೆ. ಒಂದು ವಿಷಯ ಗಮನದಲ್ಲಿಡಿ: ರೋಡ್ ಬೈಕಿನ (ತೆಳು ಚಕ್ರದ ಸೈಕಲ್) ಟ್ಯೂಬಿನ ಸಪೂರ ಪ್ರೆಸ್ಟಾ ವಾಲ್ವಿಗೆ ಹಳ್ಳಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪ್ ಕೂರುವುದಿಲ್ಲ. ಹಿತ್ತಾಳೆಯ ಒಂದು ಪುಟ್ಟ ಅಡಾಪ್ಟರ್ ಸಿಗುತ್ತದೆ, ಅದನ್ನು ವಾಲ್ವಿಗೆ ತಿರುಗಿಸಿಟ್ಟರೆ ಬೈಕು, ಕಾರಿನ ಪಂಪಿನಲ್ಲೂ ಗಾಳಿ ಹಾಕಬಹುದು. ಜೊತೆಗೆ ಒಂದು ಹೊಸ ಟ್ಯೂಬ್, ಟೈರ್ ಕಳಚಲು ಎರಡು ಲಿವರ್, ಕೈಪಂಪು.

ಅನಂತಪುರದಿಂದ ಸೀತಾಂಗೋಳಿಗೆ ವಾಪಸ್ ಬಂದು ನೀರ್ಚಾಲಿನ ಕಡೆ ತಿರುಗಿದರೆ ಊರಿನ ಬಣ್ಣವೇ ಬದಲು. ಗುಡ್ಡ ಇಳಿದರೆ ಅಡಿಕೆ ತೋಟ, ಹತ್ತಿದರೆ ಗೇರು, ರಬ್ಬರ್. ನನಗೆ ಇಡೀ ಸುತ್ತಿನಲ್ಲಿ ಅತಿ ಇಷ್ಟವಾದ ಭಾಗ ಇದೇ. ಜನವರಿ, ಫೆಬ್ರವರಿಯಲ್ಲಿ ಹೋದರೆ ಅಂಗಳ ತುಂಬ ಅಡಿಕೆ ಹರಡಿರುತ್ತಾರೆ. ಬರಿಗಾಲಿನಲ್ಲಿ ಅದರ ನಡುವೆ ಕಾಲೆಳೆಯುತ್ತಾ ಮಗುಚುವ ಗರಗರ ಸದ್ದು ರಸ್ತೆಗೇ ಕೇಳಿಸುತ್ತದೆ. ಬಾಟಲಿ ಖಾಲಿಯಾಗಿ ಇಂಥ ಒಂದು ಮನೆಯಲ್ಲಿ ನೀರು ಕೇಳಿದೆವು. "ಆಸರಿಗೆ ಎಂತ ಕೊಡ್ಲಿ ಮಕ್ಳೇ?" ಅಂತ ಅಮ್ಮ ಒಬ್ಬರು ಚೆಂಬು ತುಂಬ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತಂದಿಟ್ಟರು. ಹಿತ್ತಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರಂತೆ. ಫ್ರಿಜ್ಜಿನ ನೀರಿಗೆ ಆ ತಂಪು ಬರುವುದಿಲ್ಲ. ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಕೇಳಿದರೂ ಈ ದಾರಿಯಲ್ಲಿ ಉತ್ತರ ಸಿಗುತ್ತದೆ. ಸಂಕೋಚ ಪಡಬೇಡಿ. ಆದರೆ ಒಣಗಲು ಹಾಕಿದ ಅಡಿಕೆಯ ಮೇಲೆ ಸೈಕಲ್ ಹತ್ತಿಸಬೇಡಿ, ಅದು ಅವರ ವರ್ಷದ ದುಡಿಮೆ.

ಊಟಕ್ಕೆ ಬದಿಯಡ್ಕ ಸರಿ, ಹೋಟೆಲುಗಳಿವೆ. ಹೊಟ್ಟೆ ತುಂಬ ಉಣ್ಣಬೇಡಿ. ಚೆರ್ಕಳದ ತನಕ ಏರು, ತಗ್ಗು ಇನ್ನೂ ಇವೆ. ಗಂಜಿ, ಚಟ್ನಿ, ಮಜ್ಜಿಗೆ ನೀರು ಆದರೆ ಉತ್ತಮ. ಮೂರು ಗಂಟೆಯವರೆಗೆ ಅಲ್ಲೇ ಎಲ್ಲಾದರೂ ನೆರಳಲ್ಲಿ ಕಾಲು ಚಾಚಿ.

ಎಡನೀರು ಮಠ ಚೆರ್ಕಳ ರಸ್ತೆಯ ಮೇಲೇ ಸಿಗುತ್ತದೆ. ಸುಮ್ನೆ ದಾಟಿ ಹೋಗಬೇಡಿ. ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಇಲ್ಲಿಯ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ದಾವೆ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲ ಎಂದು 1973ರಲ್ಲಿ 7-6ರ ಬಹುಮತದಲ್ಲಿ ತೀರ್ಪಾಯಿತು. ದೇಶದ ಕಾನೂನು ಓದುವ ಮಕ್ಕಳೆಲ್ಲ ಕಲಿಯುವ ಆ ಹೆಸರು ಗಡಿನಾಡಿನ ಈ ಮಠದ್ದು. ನಮ್ಮ ಕ್ಲಬ್ಬಿನ ಚಿಕ್ಕವರಿಗೆ ಇದನ್ನು ಅಲ್ಲೇ ನಿಂತು ಹೇಳುತ್ತೇವೆ. ಸ್ವಾಮೀಜಿ ತೀರಿಹೋದದ್ದು 2020ರಲ್ಲಿ.

ಚೆರ್ಕಳದಿಂದ ಕಾಸರಗೋಡಿಗೆ ರಾಷ್ಟ್ರೀಯ ಹೆದ್ದಾರಿ 66. ಮುಖ್ಯ ರಸ್ತೆಗೆ ಹತ್ತಲೇಬೇಡಿ, ಸರ್ವಿಸ್ ರಸ್ತೆಯಲ್ಲೇ ಬನ್ನಿ. ಸಂಜೆ ವಿದ್ಯಾನಗರದ ಹತ್ತಿರ ಕಚೇರಿ, ಕಾಲೇಜು ಬಿಡುವ ಗಡಿಬಿಡಿ ಇರುತ್ತದೆ. ಹಿಂದಿನ ಕೆಂಪು ಲೈಟನ್ನು ಚೆರ್ಕಳದಲ್ಲೇ ಹಾಕಿಬಿಡಿ. ಮಂಗಳೂರಿನಿಂದ ರೈಲಿನಲ್ಲಿ ಸೈಕಲ್ ತರುವವರು ಹಿಂದಿನ ದಿನವೇ ಬಂದು ಉಳಿಯುವುದು ಒಳ್ಳೆಯದು. ಸೈಕಲನ್ನು ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ.