ಬಿಡಿಸುವುದು ಇವತ್ತು, ಹಂಚಿಕೊಳ್ಳುವುದು ಮುಂದಿನ ವಾರ

ಮನಸ್ಸು ಕುಗ್ಗಿರುವಾಗ ಚಿತ್ರ ಬಿಡಿಸಲು ದೊಡ್ಡ ಹಾಳೆ ಎದುರಿಗಿಟ್ಟುಕೊಂಡರೆ ಕೈಯೇ ಏಳುವುದಿಲ್ಲ. ಎ6 ಅಳತೆ, ಅಂದರೆ ಪೋಸ್ಟ್‌ಕಾರ್ಡಿನಷ್ಟು ಹಾಳೆ ಸಾಕು. ಜಲವರ್ಣವಾದರೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವೇ ಇರಲಿ. ತೆಳು ಕಾಗದ ನೀರು ಹೀರಿ ಉಬ್ಬುತ್ತದೆ, ತಗ್ಗಿನಲ್ಲಿ ಬಣ್ಣ ನಿಂತು ಕಲೆಯಾಗುತ್ತದೆ. ಮೊದಲೇ ಸೋತ ಮನಸ್ಸಿಗೆ ಕುಂಚ ಕೆಳಗಿಡಲು ಅಷ್ಟೇ ನೆಪ ಸಾಕು. ಬಣ್ಣ ಎರಡೇ ಸಾಕು: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಕಂದು. ನೀರು ಹೆಚ್ಚು ಹಾಕಿ ಬೆರೆಸಿದರೆ ಮೃದುವಾದ ಬೂದು, ಗಟ್ಟಿಯಾಗಿ ಬೆರೆಸಿದರೆ ಹೆಚ್ಚುಕಡಿಮೆ ಕಪ್ಪು.

ಚಿತ್ರ ಚೆನ್ನಾಗಿ ಬರಲೇಬೇಕೆಂದಿಲ್ಲ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ 39 ಮಂದಿ 45 ನಿಮಿಷ ಕಲೆಯಲ್ಲಿ ತೊಡಗಿದ್ದರು. ಸುಮಾರು ಶೇ. 75ರಷ್ಟು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಇಳಿದಿತ್ತು. ಮೊದಲಿನ ಅನುಭವ ಇದ್ದವರು, ಇಲ್ಲದವರು ಎಂಬ ಭೇದವೇನೂ ಕಾಣಲಿಲ್ಲ. ಹಾಗೆಂದು ಇದು ಚಿಕಿತ್ಸೆಗೆ ಬದಲಿಯಲ್ಲ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ವೈದ್ಯರನ್ನು ಕಾಣಲೇಬೇಕು.

ಹೆಚ್ಚಿನವರು ಎಡವುವುದು ಹಂಚಿಕೊಳ್ಳುವಾಗ. ಬಣ್ಣ ಆರುವ ಮೊದಲೇ ಪೋಸ್ಟ್ ಮಾಡಿದರೆ ಚಿತ್ರದಲ್ಲಿ ಹೊರಬಂದ ನೋವಿಗೂ ಲೈಕ್‌ಗಳ ಲೆಕ್ಕಕ್ಕೂ ಗಂಟು ಬೀಳುತ್ತದೆ. ಯಾರೂ ನೋಡದಿದ್ದರೆ ನೋವನ್ನೇ ತಳ್ಳಿಹಾಕಿದಂತೆ ಅನಿಸುತ್ತದೆ. ಒಂದು ವಾರ ಡ್ರಾಯರಿನಲ್ಲಿಡಿ. ಮತ್ತೆ ತೆಗೆದಾಗ ಚಿತ್ರ ನಿಮ್ಮಿಂದ ತುಸು ದೂರ ನಿಂತಿರುತ್ತದೆ, ಆಗ ತೋರಿಸುವುದು ಹಗುರ. ಮೊದಲು ನಂಬಿಕೆಯ ನಾಲ್ಕೈದು ಜನರ ಗುಂಪಿಗೆ, ಆಮೇಲೆ ಎಲ್ಲರಿಗೂ. ಇನ್‌ಸ್ಟಾಗ್ರಾಮ್‌ನಲ್ಲಿ ಲೈಕ್ ಸಂಖ್ಯೆ ಮರೆಮಾಡಬಹುದು, ಕಾಮೆಂಟ್ ನಿಲ್ಲಿಸಬಹುದು. ಈ ಎರಡನ್ನೂ ಸಂಕೋಚವಿಲ್ಲದೆ ಬಳಸಿ.

ಫೋಟೋಗೆ ಹಗಲಿನ ಕಿಟಕಿ ಬೆಳಕು, ಆದರೆ ನೇರ ಬಿಸಿಲು ಬೇಡ. ಫ್ಲ್ಯಾಶ್ ಆಫ್ ಮಾಡಿ, ಫೋನನ್ನು ಹಾಳೆಗೆ ಸಮಾನಾಂತರವಾಗಿ ಹಿಡಿಯಿರಿ. ಓರೆಯಾದರೆ ಹಾಳೆಯ ಆಕಾರ ಸೊಟ್ಟಗಾಗುತ್ತದೆ. ಬಿಳಿ ಕಾಗದ ಬೂದಾಗಿ ಬರುತ್ತದೆ, ಏಕೆಂದರೆ ಕ್ಯಾಮೆರಾ ಬಿಳಿಯನ್ನೂ ನಡುಮಟ್ಟದ ಹೊಳಪಿಗೆ ಇಳಿಸಲು ನೋಡುತ್ತದೆ. ಎಕ್ಸ್‌ಪೋಶರ್, ಅಂದರೆ ಫೋಟೋದ ಹೊಳಪು, ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ. ಕಳಿಸುವ ಮುನ್ನ ಫೋಟೋದಲ್ಲಿ ಅಡಗಿರುವ ಲೊಕೇಶನ್ ಮಾಹಿತಿ ಅಳಿಸಿ.

ಪೋಸ್ಟ್ ಜೊತೆಗಿನ ಬರಹದಲ್ಲಿ ನೋವಿನ ಪೂರ್ತಿ ಕತೆ ಬರೆಯಬೇಕಾಗಿಲ್ಲ. ಏನು ಬಳಸಿದಿರಿ, ಎಲ್ಲಿ ಕೈಕೊಟ್ಟಿತು ಎಂದು ಎರಡು ಸಾಲು ಬರೆದರೆ ಓದುವವರಿಗೆ ಮಾತಿಗೊಂದು ಎಳೆ ಸಿಗುತ್ತದೆ. ಇನ್ನೊಬ್ಬರ ಚಿತ್ರಕ್ಕೆ ಬರೆಯುವಾಗಲೂ ಬರೀ ‘ಸೂಪರ್’ ಬೇಡ. ‘ಆ ಮೂಲೆಯ ನೀಲಿ ಕಂದು ಬಣ್ಣದೊಳಕ್ಕೆ ಹರಿದಿರುವುದು ಇಷ್ಟವಾಯಿತು’ ಎನ್ನಿ, ನೀವು ನಿಜವಾಗಿ ನೋಡಿದ್ದೀರಿ ಎಂಬುದು ಅವರಿಗೆ ತಿಳಿಯುತ್ತದೆ.