ಎಲೈಜಾ ಹಾರ್ಪರ್ ‘ಇಲ್ಲ’ ಅಂದಿದ್ದು ಯಾವ ನಿಯಮದ ಬಲದ ಮೇಲೆ?

ಎಲೈಜಾ ಹಾರ್ಪರ್ ಅಂದಕೂಡಲೇ ಹದ್ದಿನ ಗರಿ ಹಿಡಿದು ಕೂತ ಫೋಟೋ ಕಣ್ಣಿಗೆ ಬರುತ್ತದೆ. ಒಬ್ಬ ಶಾಸಕ ಇಡೀ ಕೆನಡಾದ ಸಂವಿಧಾನ ತಿದ್ದುಪಡಿಯನ್ನು ತಡೆದ ಅನ್ನುತ್ತಾರೆ. ಹೇಗೆ ತಡೆದರು ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಹಾರ್ಪರ್ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ರೆಡ್ ಸಕ್ಕರ್ ಲೇಕ್‌ನ ಓಜಿ-ಕ್ರೀ ಎಂಬ ಮೂಲನಿವಾಸಿ ಸಮುದಾಯದವರು. 1978ರಲ್ಲಿ ಅಲ್ಲಿನ ಮುಖ್ಯಸ್ಥರಾದರು. 1981ರಲ್ಲಿ ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ಪಕ್ಷದಿಂದ ಪ್ರಾಂತ್ಯದ ಶಾಸನಸಭೆಯ ರೂಪರ್ಟ್ಸ್‌ಲ್ಯಾಂಡ್ ಕ್ಷೇತ್ರ ಗೆದ್ದರು. ಟ್ರೀಟಿ ಇಂಡಿಯನ್ನರಿಗೆ, ಅಂದರೆ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡ ಮೂಲನಿವಾಸಿ ಸಮುದಾಯಗಳವರಿಗೆ, ಆ ಪ್ರಾಂತ್ಯದಲ್ಲಿ ಮತದಾನದ ಹಕ್ಕು ಸಿಕ್ಕಿದ್ದೇ 1952ರಲ್ಲಿ. ಅವರ ಪೈಕಿ ಶಾಸನಸಭೆಗೆ ಬಂದ ಮೊದಲಿಗರು ಇವರು.

ಅವರು ತಡೆದ ಸಂವಿಧಾನ ತಿದ್ದುಪಡಿಯೇ 1987ರ ಮೀಚ್ ಲೇಕ್ ಒಪ್ಪಂದ. ಅದು ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯವನ್ನು ವಿಶಿಷ್ಟ ಸಮಾಜವೆಂದು ಒಪ್ಪಿತ್ತು, ಮೂಲನಿವಾಸಿಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಜಾರಿಗೆ ಬರಬೇಕಾದರೆ 10 ಪ್ರಾಂತ್ಯಗಳೂ ಒಪ್ಪಬೇಕು, ಅದೂ 1990ರ ಜೂನ್ 23ರೊಳಗೆ. ಪ್ರೀಮಿಯರ್‌ಗಳ (ಪ್ರಾಂತ್ಯಗಳ ಸರ್ಕಾರದ ಮುಖ್ಯಸ್ಥರ) ಕೊನೆಯ ಸುತ್ತಿನ ಮಾತುಕತೆ ಮುಗಿದದ್ದು ಜೂನ್ 9ಕ್ಕೆ. ಎಡವಟ್ಟಾದದ್ದೇ ಇಲ್ಲಿ. ಮ್ಯಾನಿಟೋಬಾದಲ್ಲಿ ನಿರ್ಣಯ ಮಂಡಿಸಲು ಮುಂಚಿತವಾಗಿ ನೋಟಿಸ್ ಕೊಡಬೇಕು, ಆಮೇಲೆ ಸಾರ್ವಜನಿಕರ ಅಹವಾಲು ಕೇಳಬೇಕು. ಇರುವ ಎರಡು ವಾರದಲ್ಲಿ ಇಷ್ಟೆಲ್ಲ ಮುಗಿಯುವಂತಿರಲಿಲ್ಲ. ನಿಯಮ ಬದಿಗಿಡಬೇಕಾದರೆ ಸದನದ ಸರ್ವಾನುಮತ ಬೇಕು. ಬಹುಮತ ಸಾಲದು, ಒಬ್ಬರು ಬೇಡ ಅಂದರೂ ಮುಗಿಯಿತು.

ಜೂನ್ 12ರಂದು ಮ್ಯಾನಿಟೋಬಾದ ಪ್ರೀಮಿಯರ್ ಗ್ಯಾರಿ ಫಿಲ್ಮನ್ ಸರ್ವಾನುಮತ ಕೇಳಿದರು. ಮೂರೂ ಪಕ್ಷಗಳ ನಾಯಕರು ಒಪ್ಪಿದ್ದರು. ಹಾರ್ಪರ್, ‘ನೋ, ಮಿಸ್ಟರ್ ಸ್ಪೀಕರ್’ ಅಂದರು. ಮುಂದಿನ ದಿನಗಳಲ್ಲೂ ಅದೇ ಉತ್ತರ. ಹೊರಗೆ ಅಹವಾಲು ಹೇಳಿಕೊಳ್ಳಲು ಸಾವಿರಾರು ಜನ ಹೆಸರು ಬರೆಸಿದರು. ಅವರನ್ನೆಲ್ಲ ಕೇಳದೆ ಮತಕ್ಕೆ ಹಾಕುವಂತಿಲ್ಲ. ಗಡುವಿನ ಹಿಂದಿನ ದಿನ, ಜೂನ್ 22ರಂದು, ಕಲಾಪ ಮುಂದುವರಿಸಲೂ ಹಾರ್ಪರ್ ಒಪ್ಪಲಿಲ್ಲ. ಮತದಾನವಿಲ್ಲದೆ ಸದನ ಎದ್ದಿತು. ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯದ ಪ್ರೀಮಿಯರ್ ಕ್ಲೈಡ್ ವೆಲ್ಸ್ ಕೂಡ ತಮ್ಮ ಸದನದಲ್ಲಿ ನಡೆಯಬೇಕಿದ್ದ ಮತದಾನ ಕೈಬಿಟ್ಟರು.

‘ಒಬ್ಬನೇ ನಿಂತ ವೀರ’ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಫಿಲ್ ಫಾಂಟೇನ್ ಮತ್ತಿತರ ಮೂಲನಿವಾಸಿ ಮುಖ್ಯಸ್ಥರು ಜೊತೆಗಿದ್ದರು. ಸದನದ ನಿಯಮಗಳನ್ನು ಬೆರಳ ತುದಿಯಲ್ಲಿಟ್ಟುಕೊಂಡಿದ್ದ ಗಾರ್ಡ್ ಮ್ಯಾಕಿಂಟಾಷ್ ಕಾರ್ಯವಿಧಾನದ ಸಲಹೆ ಕೊಡುತ್ತಿದ್ದರು. ಅವರೆಲ್ಲರ ತಯಾರಿಗೆ ಸದನದೊಳಗೆ ದನಿಯಾಗಿ, ಸ್ವಂತ ಪಕ್ಷದ ನಾಯಕರನ್ನೂ ಎದುರುಹಾಕಿಕೊಂಡದ್ದು ಹಾರ್ಪರ್ ಅವರ ದೊಡ್ಡತನ.

ಆಮೇಲೆ ಅವರು ಪ್ರಾಂತ್ಯದ ರಾಜಕೀಯ ಬಿಟ್ಟು, 1993ರಲ್ಲಿ ಲಿಬರಲ್ ಪಕ್ಷದಿಂದ ಚರ್ಚಿಲ್ ಕ್ಷೇತ್ರ ಗೆದ್ದು ಸಂಸತ್ತಿಗೆ ಹೋದರು. 1997ರಲ್ಲಿ ಅದೇ ಕ್ಷೇತ್ರದಲ್ಲಿ ಅವರನ್ನು ಸೋಲಿಸಿದ್ದು ಅವರದೇ ಹಳೆಯ ಪಕ್ಷ, ಎನ್‌ಡಿಪಿ.